ಸಮೋವಾದಿಂದ ಬಂದ ಚಾಪೆ

ಅಕ್ಕನ ಮಗಳ ಮದುವೆ ಗೊತ್ತಾದ ದಿನದಿಂದ ನಾನು ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಹೋಗಿದ್ದೆ. ಹುಡುಗ ಯಾವ ದೇಶದವನು? ಸಮೋವಾ ಅನ್ನುತ್ತಿದ್ದೆ. ಅದೆಲ್ಲಿದೆ? ಪೆಸಿಫಿಕ್ ಸಾಗರದ ನಡುವೆ ಅನ್ನುತ್ತಿದ್ದೆ. ಅಲ್ಲಿಗೆ ಬಿಡುತ್ತಾರೆಯೇ? "ಅದು ಯಾರ ಕೈಯಾಗ ಐತ್ರಿ?" ಯಾರ ಕೈಯಲ್ಲೂ ಇಲ್ಲ, ಅದೇ ಒಂದು ದೇಶ ಅಂದರೆ ಕೇಳಿದವರ ಮುಖ ಇಳಿದುಹೋಗುತ್ತಿತ್ತು. ಅಮೆರಿಕದ ಕೈಯಲ್ಲಿದ್ದಿದ್ದರೆ ನಮ್ಮ ಬೀಗತನಕ್ಕೆ ಒಂದು ತೂಕ ಬರುತ್ತಿತ್ತು ಅನ್ನುವ ಹಾಗೆ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿರುವ ನಮ್ಮ ಭಾವ ಇದಕ್ಕೊಂದು ದಾರಿ ಹುಡುಕಿಬಿಟ್ಟಿದ್ದರು. ಯಾರು ಕೇಳಿದರೂ "ನ್ಯೂಜಿಲೆಂಡ್ ಕಡೆಯವರು" ಅಂದುಬಿಡುವುದು. ಕ್ರಿಕೆಟ್ ನೋಡುವ ಊರಿಗೆ ನ್ಯೂಜಿಲೆಂಡ್ ಗೊತ್ತು, ಮುಂದೆ ಪ್ರಶ್ನೆ ಬರುವುದಿಲ್ಲ. ಲಗ್ನಪತ್ರಿಕೆಯಲ್ಲೂ ಹಾಗೇ ಅಚ್ಚು ಹಾಕಿಸಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಬಳ್ಳಾರಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿ ನಿವೃತ್ತಳಾದವಳು ನಾನು. ಕಂಟೋನ್ಮೆಂಟಿನ ಮನೆಯಿಂದ ಫೋನ್ ಮಾಡಿ ಭಾವನಿಗೆ ಪಾಠ ಮಾಡಿದೆ. ನ್ಯೂಜಿಲೆಂಡಿನವರು ಆ ದ್ವೀಪವನ್ನು ಆಳಿದವರು, ಅವರ ಕೈಯಿಂದ ಬಿಡಿಸಿಕೊಳ್ಳಲು ಆ ಜನ ಎಷ್ಟು ಪಾಡು ಪಟ್ಟಿದ್ದಾರೆ ಗೊತ್ತೇ? ನಮ್ಮನ್ನು ಯಾರಾದರೂ ಇಂಗ್ಲೆಂಡ್ ಕಡೆಯವರು ಅಂತ ಲಗ್ನಪತ್ರಿಕೆಯಲ್ಲಿ ಹಾಕಿಸಿದರೆ ಹೇಗಿರುತ್ತದೆ?

"ಚಲೋನ ಇರತೈತಿ ಬಿಡವ್ವ," ಅಂದರು ಭಾವ.

ಇಂಥವರ ಜೊತೆ ಏನು ಮಾತಾಡುವುದು.

ಅಕ್ಕನ ಮಗಳು ಓದಿದ್ದು ಕೃಷಿ. ಕೆಸವಿನ ಎಲೆಗೆ ಬರುವ ರೋಗದ ಮೇಲೆ ಕೆಲಸ ಮಾಡಲು ಆ ದ್ವೀಪಕ್ಕೆ ಹೋದವಳು, ಅಲ್ಲಿನ ಶಾಲೆಯೊಂದರ ಮೇಷ್ಟರನ್ನು ಮೆಚ್ಚಿಕೊಂಡಳು. ಕೆಸವಿನ ಗಡ್ಡೆ ನೋಡಲು ಅಷ್ಟು ದೂರ ಹೋಗಬೇಕಿತ್ತೇ ಅಂತ ಅಕ್ಕ ಒಂದು ವರ್ಷ ಹಾಡಿಕೊಂಡು ಅತ್ತಳು. ಆಮೇಲೆ ಒಪ್ಪಿದಳು. ಒಪ್ಪಿದ ಮೇಲೆ ಅಕ್ಕನನ್ನು ಹಿಡಿಯುವವರು ಯಾರು? ಹುಡುಗಿ ಮದುವೆಯ ನಂತರ ಅತ್ತೆಯ ಮನೆಯಲ್ಲೇ ಇರತಕ್ಕವಳು. ಸಮುದ್ರದ ಆಚೆ ನಮ್ಮವರು ಅನ್ನುವವರು ಒಬ್ಬರೂ ಇಲ್ಲ. ಆ ಅತ್ತೆಯ ಮನಸ್ಸಿಗೆ ಕೂದಲೆಳೆಯಷ್ಟೂ ನೋವಾಗಬಾರದು ಅಂತ ಅಕ್ಕ ಮನೆಯವರಿಗೆಲ್ಲ ತಾಕೀತು ಮಾಡಿದ್ದಳು. ನನ್ನನ್ನು ಹದಿನೈದು ದಿನ ಮುಂಚೆಯೇ ಸಿರುಗುಪ್ಪಕ್ಕೆ ಕರೆಸಿಕೊಂಡಿದ್ದೂ ಅದಕ್ಕೇ. ಆ ತಾಯಿಗೆ ಬರುವುದು ಅವರ ಭಾಷೆ ಮಾತ್ರ. ಆಕೆ ಹೇಳಿದ್ದನ್ನು ಮಗ ಇಂಗ್ಲಿಷಿಗೆ ತರುವುದು, ನಾನು ಅದನ್ನು ಕನ್ನಡಕ್ಕೆ ತರುವುದು.

ತಾಯಿ, ಮಗ ಇಬ್ಬರೇ ಬಂದರು. ತಾಯಿ ಎತ್ತರದ, ದಪ್ಪನೆಯ ಹೆಂಗಸು. ಚಪ್ಪಲಿ ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ನಮ್ಮ ಹೆಂಗಸರಿಗೆಲ್ಲ ಅರ್ಧ ಭಯ ಹೋಯಿತು. ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಿಂದರು. ಶೇಂಗಾ ಚಟ್ನಿಗೆ ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಹಾಕಿಸಿಕೊಂಡರು. ಅಕ್ಕ ನನ್ನ ಕಡೆ ನೋಡಿ, ಪರವಾಗಿಲ್ಲ ಅನ್ನುವ ಹಾಗೆ ಹುಬ್ಬು ಹಾರಿಸಿದಳು.

ಮದುವೆಗೆ ಮೂರು ದಿನ ಇದ್ದಾಗ, ಬೆಳಗಿನ ಹೊತ್ತು, ಬೀಗರು ಉಡುಗೊರೆ ಒಪ್ಪಿಸುವ ಕಾರ್ಯ. ಪಡಸಾಲೆಯಲ್ಲಿ ಜಮಖಾನ ಹಾಸಿ ನಮ್ಮ ಕಡೆಯ ನಲವತ್ತು ಐವತ್ತು ಜನ ಕೂತಿದ್ದರು. ನಾವು ಹೊಸ ಸೀರೆ, ಹೊಸ ಧೋತರ, ಬೆಳ್ಳಿ ಬಟ್ಟಲು ಕೊಟ್ಟೆವು. ಅವರ ಸರದಿ ಬಂದಾಗ ಆ ತಾಯಿ ಒಂದು ಬಟ್ಟೆಯ ಗಂಟು ಬಿಚ್ಚಿ, ಮಗನ ಜೊತೆ ಎರಡು ಕಡೆ ಹಿಡಿದು ಬಿಡಿಸಿದರು. ಅದೊಂದು ಚಾಪೆ. ಹಳೇ ಬೆಲ್ಲದ ಬಣ್ಣ. ಒಂದು ಮೂಲೆ ಹರಿದು ತೇಪೆ ಹಾಕಿತ್ತು. ಅಂಚಿನಲ್ಲಿ ಹಕ್ಕಿಯ ಕೆಂಪು ಗರಿಗಳು, ಅರ್ಧಕ್ಕರ್ಧ ಉದುರಿ ಹೋಗಿದ್ದವು. ಪಡಸಾಲೆಯಲ್ಲಿ ಯಾರೋ ಸಣ್ಣಗೆ ಕೆಮ್ಮಿದರು.

ತಾಯಿ ಎದ್ದು ನಿಂತು ಮಾತಾಡಲು ಶುರು ಮಾಡಿದರು. ಮಾತು ಅಂದರೆ ನಮ್ಮ ಹಾಗೆ ನಾಲ್ಕು ಮಾತಲ್ಲ. ಒಂದು ಕೈ ಚಾಪೆಯ ಮೇಲೆ, ಕಣ್ಣು ಎಲ್ಲೋ ದೂರದಲ್ಲಿ, ದೇವರ ನಾಮಾವಳಿ ಹೇಳುವ ಹಾಗೆ ಒಂದೇ ಸಮನೆ. ನಡುವೆ ನಿಲ್ಲಿಸಿ ಮಗನ ಕಡೆ ನೋಡುವುದು, ಮಗ ನನಗೆ ಹೇಳುವುದು. ಈ ಚಾಪೆ ಮಾಡಿದ್ದು ನನ್ನ ಮುತ್ತಜ್ಜಿ. ಕೇದಗೆ ಜಾತಿಯ ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಹೆಣೆಯಲು ಇಷ್ಟು ವರ್ಷ ಹಿಡಿಯಿತು. ಇದನ್ನು ಹೊದ್ದು ಮದುವೆಯಾದವರು ಇಂಥಿಂಥವರು. ಜರ್ಮನರ ಕಾಲದಲ್ಲಿ ಒಬ್ಬ ಅಧಿಕಾರಿ ಕೇಳಿದರೂ ಕೊಡದೆ ಬಚ್ಚಿಟ್ಟವಳು ಇಂಥವಳು. ನ್ಯೂಜಿಲೆಂಡಿನವರ ಕಾಲದಲ್ಲಿ ಹಡಗಿನಿಂದ ಜ್ವರ ಇಳಿದು ಊರಿಗೆ ಊರೇ ಮಲಗಿದಾಗ ಇದನ್ನು ಯಾರ ಮೈಮೇಲೆ ಹೊದಿಸಿದರು, ಅವರ ಹೆಸರು. ದೇಶದ ಬಾವುಟ ಏರಿದ ದಿನ ಇದನ್ನು ಹೊತ್ತು ನಡೆದವರು ಯಾರು, ಅವರ ಹೆಸರು.

ಹೆಸರು, ಹೆಸರು, ಹೆಸರು. ಅಷ್ಟು ಉದ್ದದ ಹೆಸರುಗಳು. ಪಡಸಾಲೆಯಲ್ಲಿ ಫ್ಯಾನು ನಿಂತಿತ್ತು, ಒಳಗಡೆ ಅಡುಗೆಯವರು ಊಟಕ್ಕೆ ಎಲೆ ಹಾಕಲೇ ಅಂತ ಬಾಗಿಲಲ್ಲಿ ಇಣುಕುತ್ತಿದ್ದರು, ಹಿರಿಯರೊಬ್ಬರು ಆಗಲೇ ತೂಕಡಿಸುತ್ತಿದ್ದರು. ಅಕ್ಕ ಕೇಳಿದಳು, "ಏನಂತಾರಲೇ?"

"ಹಳೇ ಚಾಪಿ ಅಂತ. ಅವರ ಮುತ್ತಜ್ಜಿದು. ಯಾರೋ ಸತ್ತಾಗ ಹೆಣದ ಮ್ಯಾಲೆ ಹೊಚ್ಚಿದ್ರಂತ," ಅಂದೆ.

ಇಷ್ಟೇ ಅಂದೆ. ಯಾಕೆಂದರೆ ಜರ್ಮನರ ಹೆಸರು ಬಂದ ಕೂಡಲೇ ನನಗೆ ಮೈಮೇಲೆ ಬಂದಿತ್ತು. ಈ ಜನಕ್ಕೆ ಒಂದು ಸಲವಾದರೂ ಸರಿಯಾಗಿ ತಿಳಿಸಬೇಕು, ನ್ಯೂಜಿಲೆಂಡ್ ಕಡೆಯವರಂತೆ, ನ್ಯೂಜಿಲೆಂಡ್ ಕಡೆಯವರು! ಎದ್ದು ನಿಂತು ಹೇಳಿದೆ. ದೂರದೇಶದ ಮೂರು ಸರ್ಕಾರಗಳು ಒಂದು ಮೇಜಿನ ಸುತ್ತ ಕೂತು ಈ ದ್ವೀಪಗಳನ್ನು ಹೋಳು ಮಾಡಿದ ಕತೆ ಹೇಳಿದೆ. ಪಡುವಣ ಭಾಗ ಜರ್ಮನರಿಗೆ, ಮೂಡಣ ಭಾಗ ಅಮೆರಿಕದವರಿಗೆ, ಇಂಗ್ಲೆಂಡಿನವರು ಬೇರೆ ದ್ವೀಪ ತಗೊಂಡು ಹಿಂದೆ ಸರಿದರು. ಮಹಾಯುದ್ಧ ಬಂದಾಗ ಜರ್ಮನರ ಪಾಲನ್ನು ನ್ಯೂಜಿಲೆಂಡಿನವರು ಹಿಡಿದರು. ಇಂದಿಗೂ ಮೂಡಣ ಭಾಗ ಅಮೆರಿಕದ ಕೈಯಲ್ಲೇ ಇದೆ, ಅಣ್ಣ ಇಲ್ಲಿ, ತಂಗಿ ಅಲ್ಲಿ. ಪಡುವಣದಲ್ಲಿ ಸೋಮವಾರವಾದರೆ ಮೂಡಣದಲ್ಲಿ ಇನ್ನೂ ಭಾನುವಾರ. ನಮ್ಮ ಬಳ್ಳಾರಿ ಸೀಮೆಯನ್ನೇ ನೋಡಿ, ನಿಜಾಮ ಕೊಟ್ಟ, ಕಂಪನಿಯವರು ತಗೊಂಡರು, ನಾವು ಮದ್ರಾಸಿನವರಾದೆವು, ಆಮೇಲೆ ಮೈಸೂರಿಗೆ ಸೇರಿದೆವು, ಆದೋನಿ ಆಂಧ್ರದ ಕಡೆ ಉಳಿಯಿತು, ನಮ್ಮನ್ನು ಯಾರಾದರೂ ಕೇಳಿದರೇ? ಹಾಗೆಯೇ ಇವರದೂ. ಹೀಗೆ ಕಾಲು ಗಂಟೆ ಹೇಳಿದೆ. ಚೆನ್ನಾಗಿ ಹೇಳಿದೆ ಅಂತಲೇ ನನ್ನ ಭಾವನೆ. ಆ ತಾಯಿ ನಾನು ಚಾಪೆಯ ಕತೆಯನ್ನೇ ಹೇಳುತ್ತಿದ್ದೇನೆ ಅಂದುಕೊಂಡು ಕೈಮುಗಿದು ಕೇಳುತ್ತಿದ್ದರು.

ಇಂದು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ದಿನ ಯಾವುದಕ್ಕೂ ಪುರುಸೊತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಬೆಳಗಿನ ತಿಂಡಿಯಾದ ಮೇಲೆ ಆ ತಾಯಿ ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಸಣ್ಣ ಡಬ್ಬಿ, ಅದರಲ್ಲಿ ಕೆಂಪು ಗರಿ. ಉದುರಿದ ಕಡೆ ಹೊಸ ಗರಿ ಕಟ್ಟಬೇಕು, ನಾಳೆ ಮುಹೂರ್ತಕ್ಕೆ ಮುಂಚೆ ಸೊಸೆಗೆ ಇದನ್ನು ಹೊದಿಸಿ, ಇವಳು ನಮ್ಮವಳು ಅಂತ ಹೇಳಬೇಕು, ಚಾಪೆ ಕೊಡಿ ಅಂದರು. ಅದನ್ನು ಹೊದಿಸದೆ ಮದುವೆಯೇ ಇಲ್ಲ ಅನ್ನುವಷ್ಟು ದೊಡ್ಡದು ಅದು ಅಂತ ಮಗ ವಿನಯದಿಂದಲೇ ಹೇಳಿದ. ಹಳೆಯದಾದಷ್ಟೂ ಅದರ ಮಾನ ಹೆಚ್ಚಂತೆ. ಅದರ ಮೇಲೆ ಯಾರೂ ಕೂರುವುದಿಲ್ಲವಂತೆ, ಮಲಗುವುದಿಲ್ಲವಂತೆ.

ಅಡುಗೆಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಅಕ್ಕ ಉಂಡೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಅದನ್ನ ಅವತ್ತ ಕುರುಗೋಡಿಗೆ ಕಳಿಸೀನಿ."

"ಯಾಕ?"

"ಯಾಕಂದ್ರ? ಹೆಣದ ಮ್ಯಾಲೆ ಹೊಚ್ಚಿದ್ದು ಮದುವಿ ಮನ್ಯಾಗ ಇಟ್ಕೊಂತಾರೇನು? ತಮ್ಮ ಮೆಣಸಿನಕಾಯಿ ಇಳಿಸಾಕ ಟೆಂಪೊ ತಂದಿದ್ದ, ಅದರಾಗ ಹಾಕಿ ಕಳಿಸಿದೆ. ಮನಿ ಒಳಗ ಇಡಬ್ಯಾಡ ಅಂತ ಹೇಳೀನಿ."

ತಮ್ಮ ಅಂದರೆ ನಮ್ಮ ಚಿಕ್ಕಪ್ಪನ ಮಗ. ಕುರುಗೋಡಿನಲ್ಲಿ ನಮ್ಮ ಹಿರಿಯರ ಹೊಲಮನೆ ನೋಡಿಕೊಂಡಿರುವವನು. ಫೋನ್ ಮಾಡಿದರೆ ಎತ್ತಲಿಲ್ಲ. ಅವನು ಹೊಲಕ್ಕೆ ಹೋಗುವಾಗ ಫೋನನ್ನು ಮನೆಯ ಮಾಡದಲ್ಲಿ ಇಟ್ಟು ಹೋಗುತ್ತಾನೆ. ಇದ್ದೂ ಇಲ್ಲದ ಫೋನು. ಗಿರಣಿಯ ಕಾರು ತಗೊಂಡು ಅಕ್ಕತಂಗಿ ಇಬ್ಬರೂ ಹೊರಟೆವು. ಮದುವೆಯ ಹಿಂದಿನ ದಿನ ಮದುಮಗಳ ತಾಯಿ ಊರು ಬಿಟ್ಟು ಹೋಗುವುದನ್ನು ನೋಡಿ ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ತೆಕ್ಕಲಕೋಟೆ ದಾಟುವವರೆಗೂ ನಾನು ಅಕ್ಕನನ್ನು ಬೈದೆ. ತಲೆಮಾರುಗಳಿಂದ ಮದುವೆಯಲ್ಲಿ ಹೊದ್ದದ್ದು, ಜರ್ಮನರಿಗೂ ಕೊಡದೆ ಬಚ್ಚಿಟ್ಟದ್ದು ಅದು, ನಿನಗೆ ಶಾಸ್ತ್ರದ ಹುಚ್ಚು, ಯಾರನ್ನೂ ಕೇಳುವುದಿಲ್ಲ, ನಿನ್ನ ಮಗಳ ಬಾಳಿಗೆ ನೀನೇ ಕಲ್ಲು ಹಾಕುತ್ತೀ. ಭತ್ತದ ಲಾರಿಯೊಂದು ಮುಂದೆ ಹೋಗುತ್ತಿತ್ತು, ದಾರಿ ಬಿಡಲೊಲ್ಲದು. ಅದಕ್ಕೂ ಬೈದೆ. ಅಕ್ಕ ಕೈಗೆ ಅಂಟಿದ ಉಂಡೆಯ ಪಾಕವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಕೂತಿದ್ದಳು. ಅವಳು ತಿರುಗಿ ಬೈಯದೆ ಇದ್ದದ್ದು ನನಗೆ ಇನ್ನಷ್ಟು ಸಿಟ್ಟು ತಂದಿತು.

ಕುರುಗೋಡಿನ ಮನೆಯಲ್ಲಿ ತಮ್ಮನ ಹೆಂಡತಿ ಅಂಗಳದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಗಾಬರಿಯಿಂದ ಎದ್ದಳು. ಚಾಪೆ ಎಲ್ಲಿ ಅಂದೆ.

"ಅದು ಹೋತಲ್ರಿ ಅಕ್ಕಾರ," ಅಂದಳು.

"ಎಲ್ಲಿಗೆ ಹೋತು?"

"ಮೊನ್ನಿ ನಮ್ಮ ಹೊಲಕ್ಕ ಕಳೆ ತೆಗಿಯಾಕ ಬರ್ತಿದ್ದ ಮುದುಕಿ ತೀರಿಕೊಂಡ್ಲರಿ. ನಿಮ್ಮಪ್ಪಾರ ಕಾಲದಿಂದ ಬರ್ತಿದ್ಲು. ಆಕಿಗೆ ಹಿಂದ ಮುಂದ ಯಾರೂ ಇಲ್ಲ. ಮಣ್ಣಿಗೆ ಇಡಾಕ ಹೊಚ್ಚಾಕ ಒಂದು ಅರಿವಿ ಇರಲಿಲ್ಲ. ಈ ಚಾಪಿ ಹೆಂಗೂ ಸತ್ತವರದಂತ ಅಕ್ಕಾರ ಹೇಳಿ ಕಳಿಸಿದ್ರು. ಕೊಟ್ವಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮುತ್ತಜ್ಜಿಯ ಕಾಲದಿಂದ ಜರ್ಮನರಿಗೆ ಸಿಗದೆ, ಜ್ವರಕ್ಕೆ ಸುಡದೆ, ಅಷ್ಟು ಸಮುದ್ರ ದಾಟಿ ಬಂದದ್ದು ಕುರುಗೋಡಿನ ಮಣ್ಣಿನಲ್ಲಿ ಸೇರಿತ್ತು. ಅಗೆಸಿ ತೆಗೆಸೋಣವೇ ಅಂತ ಒಂದು ಗಳಿಗೆ ಯೋಚನೆ ಬಂದದ್ದನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ.

ನನ್ನ ಮುಖ ನೋಡಿ ತಮ್ಮನ ಹೆಂಡತಿ ಹೆದರಿದಳು. "ಕೆಳಗ ಹಾಸಲಿಲ್ರಿ," ಅಂದಳು. "ಹಾಸಾಕ ಅಂತ ತಗೊಂಡೆ. ಕೈಯಾಗ ಹಿಡಿದ್ರ ರೇಷ್ಮಿ ಹತ್ತಿದಂಗ ಹತ್ತಿತು. ಇದರ ಮ್ಯಾಲೆ ಮಲಗಸಾಕ ಮನಸ್ಸಾಗಲಿಲ್ಲ. ಆಕಿ ಚಾಪಿನ ಕೆಳಗ ಹಾಕಿ, ಇದನ್ನ ಮ್ಯಾಲೆ ಹೊಚ್ಚಿದ್ವಿ. ಗರಿ ಇದ್ದ ಅಂಚು ಎದಿ ಮ್ಯಾಲೆ ಬರಂಗ."

ಆಗ ನಾನು ಮತ್ತೆ ಅಕ್ಕನ ಮೇಲೆ ತಿರುಗಿದೆ. ಅವಳು ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಅಲ್ಲೇ ಹೇಳಿದಳು.

"ನಂಗ ನೀ ಏನು ಹೇಳಿದಿ? ಹಳೇ ಚಾಪಿ, ಹೆಣದ ಮ್ಯಾಲೆ ಹೊಚ್ಚಿದ್ದು ಅಂದಿ. ಆಕಿ ಅಷ್ಟೊತ್ತು ನಿಂತು ಹೇಳಿದ್ಲು, ನೀ ಮೂರು ಮಾತು ಹೇಳಿದಿ. ಆಮ್ಯಾಲೆ ಯಾವನೋ ಜರ್ಮನಿಯವನ ಪುರಾಣ ಕಾಲು ತಾಸು ಬಿಚ್ಚಿದಿ. ಮದುವ್ಯಾಗ ಹೊದ್ದದ್ದು, ಬಚ್ಚಿಟ್ಟದ್ದು, ಇದನ್ನೆಲ್ಲ ಅವತ್ತ ಹೇಳಿದ್ದಿಯೇನಲೇ ನಂಗ?"

ಹೇಳಿರಲಿಲ್ಲ. ಒಂದು ಮಾತೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಅವಳನ್ನು ಬೈದಿದ್ದೆ, ತಪ್ಪೆಲ್ಲ ನನ್ನ ಬಾಯಿಯದೇ ಆಗಿತ್ತು. ಆ ದ್ವೀಪವನ್ನು ಆಳಿದವರ ಮೇಲೆ ಅಷ್ಟು ಸಿಟ್ಟು ಮಾಡುತ್ತಿದ್ದವಳು ನಾನು. ಅಲ್ಲಿಂದ ಬಂದ ಹೆಂಗಸು ತನ್ನ ಬಾಯಿಂದ ತನ್ನವರ ಕತೆ ಹೇಳಿದಾಗ, ಊಟಕ್ಕೆ ಹೊತ್ತಾಯಿತು ಅಂತ ಕತ್ತರಿಸಿ, ಆ ಜಾಗದಲ್ಲಿ ಆಳಿದವರದೇ ಕತೆ ಹೇಳಿದ್ದೆ.

ಮಧ್ಯಾಹ್ನ ಸಿರುಗುಪ್ಪಕ್ಕೆ ಮರಳಿ ಆ ತಾಯಿಯ ಮುಂದೆ ಕೂತೆ. ಮಗನಿಗೆ ಹೇಳಿದೆ, ನಾನು ಹೇಳುವುದನ್ನು ಒಂದಕ್ಷರ ಬಿಡದೆ ಹೇಳು ಅಂತ. ನಾನು ಏನನ್ನು ಬಿಟ್ಟೆ, ಅದರಿಂದ ಏನಾಯಿತು, ಎಲ್ಲ ಹೇಳಿದೆ. ಮದುಮಗಳು ಕೈಗೆ ಹಚ್ಚಿದ ಮದರಂಗಿ ಒಣಗುವ ಮೊದಲೇ ಎದ್ದು ಬಂದು ನಿಂತಿದ್ದಳು. "ಚಿಗವ್ವ, ನಿಮಗ ಎಲ್ಲಾ ಗೊತ್ತಿತ್ತಲ್ಲ," ಅಂದಳು. ಆ ಮಾತು ಇಂದಿಗೂ ಚುಚ್ಚುತ್ತದೆ.

ತಾಯಿ ತುಂಬ ಹೊತ್ತು ಅತ್ತರು. ಸದ್ದಿಲ್ಲದೆ, ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡು. ಅಕ್ಕ ಅವರ ಕಾಲು ಹಿಡಿಯಲು ಹೋದರೆ ತಡೆದರು. ಕೊನೆಗೆ ಕಣ್ಣೊರೆಸಿಕೊಂಡು ಒಂದು ಪ್ರಶ್ನೆ ಕೇಳಿದರು. ಕೆಳಗೆ ಹಾಸಿದರೋ, ಮೇಲೆ ಹೊದಿಸಿದರೋ?

ಮೇಲೆ ಅಂದೆ. ಗರಿಯ ಅಂಚು ಎದೆಯ ಮೇಲೆ.

ಹಾಗಾದರೆ ಸರಿಯಾಗೇ ಹೊದಿಸಿದ್ದಾರೆ ಅಂದರು. ಚಾಪೆ ಇಟ್ಟುಕೊಳ್ಳುವುದಕ್ಕಲ್ಲ, ಕೊಡುವುದಕ್ಕೇ. ಅದು ಎಲ್ಲೆಲ್ಲಿ ಹೋಯಿತು ಅನ್ನುವುದನ್ನು ಹೇಳಲು ಒಬ್ಬರು ಇದ್ದರಾಯಿತು. ನಾಳೆ ಚಾಪೆ ಇಲ್ಲದೆಯೇ ಸೊಸೆಯ ತಲೆಯ ಮೇಲೆ ಕೈಯಿಟ್ಟು ಕತೆ ಹೇಳುತ್ತೇನೆ. ಆದರೆ ಕತೆ ಪೂರ್ತಿ ಇರಬೇಕು. ಕೊನೆಗೆ ಹೊದ್ದ ಆ ಹೆಂಗಸಿನ ಹೆಸರೇನು?

ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಕುರುಗೋಡಿಗೆ ಫೋನ್ ಮಾಡಿದರೆ ತಮ್ಮನ ಹೆಂಡತಿಗೂ ಗೊತ್ತಿಲ್ಲ. "ಮುದುಕಿ ಅಂತಿದ್ವಿರಿ," ಅಂದಳು. ಆಕೆ ಇದ್ದ ಗುಡಿಸಲಿನ ಅಕ್ಕಪಕ್ಕದವರೂ ಹೊಸಬರು. ಜೊತೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕೂಲಿಗೆ ಕೊಳಗಲ್ಲಿನ ಕಡೆ ಹೋಗಿದ್ದಾರಂತೆ, ವಾರವಾದರೂ ಬರುವುದಿಲ್ಲವಂತೆ. ಯಾವುದೋ ಒಂದು ಹೆಸರು ಹೇಳಿಬಿಡು, ಅವರಿಗೇನು ತಿಳಿಯುತ್ತದೆ ಅಂದರು ಭಾವ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅವರನ್ನು ಸುಮ್ಮನಾಗಿಸಿದಳು.

ಮರುದಿನ ಹತ್ತೂ ಮುಕ್ಕಾಲಕ್ಕೆ ಮುಹೂರ್ತ. ತಮ್ಮ ಬೆಳಗಾಗುತ್ತಲೇ ಈ ಸಲ ಫೋನನ್ನು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿ ಕೊಳಗಲ್ಲಿನ ಹೊಲಗಳನ್ನು ಸುತ್ತುತ್ತಿದ್ದ. ಮದುವೆಗೆ ಬರಬೇಕಾದವನು ಕಳೆ ತೆಗೆಯುವವರನ್ನು ಹುಡುಕುತ್ತಾ ಬದುವಿನಿಂದ ಬದುವಿಗೆ ಅಲೆಯುತ್ತಿದ್ದ. ಹತ್ತು ಗಂಟೆಯಾಯಿತು. ಮದುಮಗಳು ಬಂದು ಕೂತಳು. ಆ ತಾಯಿ ಅವಳ ಹಿಂದೆ ನಿಂತು ಬಾಗಿಲ ಕಡೆ ನೋಡುತ್ತಿದ್ದರು. ಮಾತು ಶುರು ಮಾಡುತ್ತಿಲ್ಲ. ಮದುವೆ ಮಾಡಿಸುವ ಅಯ್ಯನೋರು ಗಡಿಯಾರ ನೋಡಿಕೊಂಡರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿಕೊಂಡರು. ನಾನು ಫೋನನ್ನು ಕೈಯಲ್ಲೇ ಹಿಡಿದು ನಿಂತಿದ್ದೆ.

ಹತ್ತೂ ಹತ್ತಕ್ಕೆ ಫೋನ್ ಬಂತು. "ಸಿಕ್ತು ಅಕ್ಕ," ಅಂದ ತಮ್ಮ ಏದುಸಿರು ಬಿಡುತ್ತಾ, ಹೆಸರು ಹೇಳಿದ. ನಾನು ಎರಡು ಸಲ ಹೇಳಿಸಿಕೊಂಡೆ. ಹೋಗಿ ಆ ತಾಯಿಯ ಕಿವಿಯಲ್ಲಿ ಹೇಳಿದೆ. ಅವರು ತುಟಿ ಅಲ್ಲಾಡಿಸಿ ಅದನ್ನು ನಾಲ್ಕೈದು ಸಲ ಹೇಳಿಕೊಂಡು ಕಲಿತರು. ಸೊಸೆಯ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದರು.

"ಹೊತ್ತಾಗೇತ್ರಿ, ಸಣ್ಣಾಗಿ ಹೇಳಿ ಮುಗಿಸ್ರಿ," ಅಂದರು ಅಯ್ಯನೋರು ನನಗೆ.

"ಇಲ್ರಿ ಅಯ್ಯನೋರ, ಸಣ್ಣಾಗಿ ಹೇಳಂಗಿಲ್ಲ," ಅಂದೆ.

ಹೇಳಿದೆ. ಎಲೆ ಸೀಳಿದ್ದು, ಹೆಣೆದದ್ದು, ಹೊದ್ದವರು, ಬಚ್ಚಿಟ್ಟವಳು, ಜ್ವರದಲ್ಲಿ ಹೋದವಳು, ಬಾವುಟದ ದಿನ ಹೊತ್ತವರು. ಅಷ್ಟುದ್ದದ ಹೆಸರುಗಳನ್ನು ಒಂದೊಂದಾಗಿ, ನಾಲಿಗೆ ತೊಡರಿದಾಗ ಹುಡುಗನನ್ನು ಕೇಳಿ ಸರಿಮಾಡಿಕೊಂಡು ಹೇಳಿದೆ. ಮಂಟಪದಲ್ಲಿ ಮೊದಲು ಗುಜುಗುಜು ಇತ್ತು, ಆಮೇಲೆ ನಿಂತಿತು. ಕೊನೆಗೆ ಆ ತಾಯಿ ಕುರುಗೋಡಿನ ಮುದುಕಿಯ ಹೆಸರನ್ನು ತಮ್ಮ ಮುತ್ತಜ್ಜಿಯ ಹೆಸರಿನಷ್ಟೇ ನಿಧಾನವಾಗಿ, ಅಷ್ಟೇ ಎಳೆದು ಹೇಳಿದರು. ಅದನ್ನು ಕನ್ನಡಕ್ಕೆ ತರುವ ಕೆಲಸವಿರಲಿಲ್ಲ. ಆದರೂ ನಾನು ಹೇಳಿದೆ.

ತಾಳಿ ಕಟ್ಟಿದ ಮೇಲೆ, ಅಕ್ಷತೆಯ ಗದ್ದಲದ ನಡುವೆ ಅಕ್ಕ ಬಂದು ನನ್ನ ಮುಂಗೈ ಹಿಡಿದಳು.

"ಸಣ್ಣವರಿದ್ದಾಗ ಹೊಲದಾಗ ನಮಗ ಹಸಿ ಕಡಲಿ ಸುಲಗಾಯಿ ಬಿಡಿಸಿ ಬಾಯಾಗ ಇಡ್ತಿದ್ಲಲ್ಲ, ಆಕಿನೇನಲೇ?"

"ಹೌದು," ಅಂದೆ. ಕುರುಗೋಡಿನಿಂದ ಕಾರಿನಲ್ಲಿ ಬರುವಾಗಲೇ ನನಗೆ ಅದು ಹೊಳೆದಿತ್ತು, ಹೇಳುವ ಧೈರ್ಯವಾಗಿರಲಿಲ್ಲ.

"ಒಂದು ದಿನಾನೂ ಹೆಸರು ಕೇಳಲಿಲ್ಲ ನೋಡು ನಾವು," ಅಂದಳು ಅಕ್ಕ.